ಹೆಂಡ್ತಿ ಪಾಲಿಗೆ ಬಾರದ ಪಾಲ್ಸ್

ನೀರು ಮ್ಯಾಲಿಂದ ಕೆಳಗ ಬೀಳತೈತಿ. ಇದೇನು ದೊಡ್ಡ ಮಾತಲ್ಲ, ಮಳಿಗಾಲದಾಗ ನಮ್ಮ ಮನಿ ಮಾಳಗಿನೂ ಅಷ್ಟ ಮಾಡತಿತ್ತು. ಆದ್ರ ಗೋಕಾಕ ಪಾಲ್ಸ್ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರತಿದ್ರು. ಅಲ್ಲಿ ಇಂಗ್ರೇಜಿ ಸಾಹೇಬರು ಇಳಕೊಳ್ಳೂ ಬಂಗ್ಲೆದಾಗ ನಾ ಪಟ್ಟೇವಾಲಾ, ಅಂದ್ರ ಜವಾನ. ಬಂದವರಿಗೆ ದಾರಿ ತೋರಸೂದು ನನ್ನ ಹಣ್ಯಾಗ ಬರದಿತ್ತು. ನಗುವಂಥಾ ಸಂಗತಿ ದಿನಾ ಒಂದಿಲ್ಲೊಂದು ಆಗತಿತ್ತು. ನಗು ಮಾತ್ರ ಭಾಳ ತಡಾ ಮಾಡಿ ಬರತಿತ್ತು, ಕೆಲವಕ್ಕ ಇನ್ನೂ ಬಂದಿಲ್ಲ.

ನನ್ನ ಹೆಂಡ್ತಿ ಲಗ್ನಕ್ಕ ಹೂಂ ಅಂದದ್ದ ಈ ಪಾಲ್ಸಿನ ಆಸೆಕ್ಕ. "ಹುಡುಗ ಪಾಲ್ಸಿನ್ಯಾಗ ಇರ್ತಾನ, ದಿನಾ ನೋಡ್ಕೋಂತ ಕುಂದರಬಹುದು" ಅಂತ ನಡುವಿನ ಮಂದಿ ಹೇಳಿದ್ರಂತ. ಬಂದು ನೋಡಿದ್ರ ಗಂಡ ಪಾಲ್ಸಿನ್ಯಾಗ, ಅಕಿ ನಮ್ಮೂರು ನಾಗನೂರಾಗ, ನಮ್ಮವ್ವನ ಕೈಯಾಗ.

ಏನ ಕಳದೈತಿ?

ಒಬ್ಬ ಸಾಹೇಬಗ ಗುಡ್ಡಾ ಹತ್ತೂ ಚಟ. ಅಂವ ಕೈ ಬೀಸ್ಕೋಂತ ಮುಂದ, ನಾ ಕುರ್ಚಿ, ಛತ್ರಿ, ಊಟದ ಬುಟ್ಟಿ ಹೊತ್ಕೊಂಡು ಹಿಂದ. ಅರ್ಧ ದಾರ್ಯಾಗ ಕುರಿ ಕಾಯೂ ಮುದುಕ ನನ್ನ ತರುಬಿ ಕೇಳಿದ:

"ಏನ ಕಳದೈತೊ ತಮ್ಮಾ?"

"ಏನೂ ಕಳದಿಲ್ಲೊ ಯಜ್ಜಾ. ಸಾಹೇಬ್ರು ಹವಾ ತಿನ್ನಾಕ ಹೊಂಟಾರ."

"ಯಾಕ, ಕೆಳಗಿಂದೆಲ್ಲಾ ತಿಂದ ಮುಗಿಸಿದ್ರೇನು?"

ತುದಿಗೆ ಮುಟ್ಟಿದ ಮ್ಯಾಲ ಸಾಹೇಬ ಕುರ್ಚಿ ಮ್ಯಾಗ ಕುಂತ. ನಾ ಅವನ ತಲಿಗೆ ಛತ್ರಿ ಹಿಡದೆ. ಕೆಳಗ ಹೊಳಿ ಹರೂದನ್ನ ನೋಡಿ, ಉದ್ದಕ ಉಸರು ಎಳಕೊಂಡು, ತನ್ನ ಹರಕು ಮುರುಕು ಹಿಂದೂಸ್ತಾನಿಯೊಳಗ ಹೇಳಿದ: "ಎಷ್ಟ ಛಲೋ ಐತಿ! ಇಲ್ಲಿ ಒಂದ ನರಪಿಳ್ಳಿನೂ ಇಲ್ಲ."

"ಖರೇರಿ ಸಾಹೇಬ್ರ" ಅಂದೆ. ಹಂಗಾದ್ರ ಛತ್ರಿ ಯಾರ ಹಿಡದಿದ್ರೋ!

ಒಂದೀಟ ಬಂದ್ ಮಾಡಸು

"ಅತ್ತಿ, ಒಂದ ಸಲ ಪಾಲ್ಸ್ ನೋಡಿ ಬರ್ಲೇನ್ರಿ?" ಅಂತ ಹೆಂಡ್ತಿ ಕೇಳಿದಾಗೆಲ್ಲಾ ನಮ್ಮವ್ವಂದು ಒಂದ ಉತ್ತರ: "ನೀರ ನೋಡೂದಿದ್ರ ಮನ್ಯಾಗ ಕೊಡ ಐತಿ."

ಅತ್ತ ಸಂಕೇಶ್ವರದ ಸಾವಕಾರೊಬ್ರು ಕುದ್ರಿಗಾಡಿ ಮಾಡ್ಕೊಂಡು ಬಂದ್ರು. ಮಳಿಗಾಲ, ಹೊಳಿ ತುಂಬಿ ಕೆಂಪಗ ಬೀಳಾಕತ್ತಿತ್ತು, ಎದಿ ನಡಗೂ ಸಪ್ಪಳ. ಸಾವಕಾರರು ಒಮ್ಮೆ ನೋಡಿ ಆಕಳಸಿದ್ರು, ಊಟ ಮಾಡಿದ್ರು, ಬಂಗ್ಲೆ ಪಡಸಾಲ್ಯಾಗ ಅಡ್ಡಾದ್ರು. ತುಸಾ ಹೊತ್ತಿಗೆ ಕರದ್ರು.

"ಏನಪಾ, ಸಪ್ಪಳ ಭಾಳ ಆತು. ನಾ ಏಳೂತನಾ ಇದನ್ನ ಒಂದೀಟ ಬಂದ್ ಮಾಡಸು."

ಮನಿಗೆ ಹೋಗಿ ಹೇಳಿದೆ. ಅವ್ವ ಬಿದ್ದ ಬಿದ್ದ ನಕ್ಕಳು. ಹೆಂಡ್ತಿ ನಗಲಿಲ್ಲ. "ಬ್ಯಾಡಂದವರ ಪಾಲಿಗೆ ಬರತೈತಿ, ಬೇಕಂದವರ ಪಾಲಿಗಿಲ್ಲ. ಅದಕ್ಕ ಪಾಲ್ಸ್ ಅಂತ ಹೆಸರಿಟ್ಟವರ ಬಾಯಾಗ ಮಣ್ಣ ಬೀಳ್ಲಿ" ಅಂದಳು.

ಸಾಹೇಬನ ಹುಕುಂ

ಕಡೀಕ ಅಕಿ ದೈವ ತೆರೀತು. ಫೋಟೋ ತಗಿಯೂ ಸಾಹೇಬೊಬ್ಬ ಬಂದು, "ಪಾಲ್ಸ್ ಮುಂದ ಕೊಡಾ ಹೊತ್ತ ಹೆಣ್ಮಗಳು ಬೇಕು" ಅಂದ. ಮಗನ ಮಾತ ಕೇಳದ ನಮ್ಮವ್ವ ಸಾಹೇಬನ ಹುಕುಂ ಅಂದಕೂಡ್ಲೆ ತಾನ ಚಕ್ಕಡಿ ಹತ್ತಿ, ಸೊಸಿ ಕೈಯಾಗ ಕೊಡ ಕೊಟ್ಟು ಕರಕೊಂಡು ಬಂದಳು.

ಬಾಜೂಕ ಅತ್ತಿ, ಎದುರಿಗೆ ಪರ ಗಂಡಸರು. ಹೆಂಡ್ತಿ ಸೆರಗ ಕಣ್ಣಿನತನಾ ಎಳಕೊಂಡು, ತನ್ನ ಕಾಲ್ಬೆರಳ ನೋಡ್ಕೋಂತ ಬಂದಳು. ಸಾಹೇಬ ಅಕಿನ್ನ ಪಾಲ್ಸಿಗೆ ಬೆನ್ನ ಮಾಡಿ ನಿಲ್ಲಿಸಿ, "ಸೆರಗ ಸರಸು, ಅಲುಗಾಡಬ್ಯಾಡ" ಅಂತ ಹೇಳಿ, ಫೋಟೋ ಪೆಟಗಿ ಮ್ಯಾಲಿನ ಕರೇ ಅರಿವಿಯೊಳಗ ತಲಿ ಹೊಗಿಸಿದ.

"ಏನ್ರಿ, ಒಂದ ಸಲ ಹೊಳ್ಳಿ ನೋಡ್ಲೇನ್ರಿ?" ಅಂತ ಅಕಿ ತುಟಿ ಅಲುಗದಂಗ ಕೇಳಿದಳು.

"ತಡಿ, ಸಾಹೇಬ್ರದು ಮುಗೀಲಿ" ಅಂದೆ.

ಮುಗೀತು. ಅಷ್ಟರಾಗ ಮಂಜು ಇಳೀತು, ಮಳಿ ಧೋ ಅಂತ ಹೊಡೀತು. ಅಕಿ ಹೊಳ್ಳಿ ನೋಡಿದ್ರ ಎಲ್ಲಾ ಬೆಳ್ಳಗ, ಏನಂದ್ರ ಏನೂ ಕಾಣವಲ್ದು. "ಎತ್ತ ತೊಯ್ಯಾಕತ್ತಾವು, ಏರ ಚಕ್ಕಡಿ" ಅಂತ ಅವ್ವ ಒದರಿದಳು. ಅಕಿ ಹೋದಳು. ನನಗ ಅಳೂನೂ ಬಂತು, ಸಿಟ್ಟೂ ಬಂತು. ಎರಡೂ ನುಂಗಿ ಸಾಹೇಬನ ಪೆಟಗಿ ಹೊತ್ತೆ. ಮತ್ತ ಯಾವ ಸಾಹೇಬಗೂ ಕೊಡಾ ಹೊತ್ತ ಹೆಣ್ಮಗಳು ಬೇಕಾಗಲಿಲ್ಲ, ಅವ್ವನೂ ಮತ್ತ ಕಳಸಲಿಲ್ಲ.

ಆ ಫೋಟೋ ಕಟ್ಟ ಹಾಕಿಸಿ ಬಂಗ್ಲೆ ಗ್ವಾಡಿಗೆ ತೂಗ ಹಾಕಿದ್ರು. ದಿನಾ ಅದರ ಧೂಳಾ ಒರಸೂದು ನಾನ. ಒಮ್ಮೆ ಹೊಸಾ ಸಾಹೇಬೊಬ್ಬ ಅದನ್ನ ನೋಡಿ, "ಇಕಿ ಪುಣ್ಯಾ ಮಾಡ್ಯಾಳ. ದಿನಾ ಈ ಪಾಲ್ಸ್ ನೋಡ್ತಿರಬೇಕು" ಅಂದ.

ಮನಿಗೆ ಹೋಗಿ ಹೆಂಡ್ತಿಗೆ ಹೇಳಿದೆ. ರೊಟ್ಟಿ ಬಡಿಯೂ ಕೈ ನಿಲ್ಲಿಸಿ ನನ್ನ ಮಾರಿ ನೋಡಿದಳು. ಅತ್ತಾಳು ಅಂದ್ಕೊಂಡೆ; ಮಾರಿಗೆ ಹಿಟ್ಟ ಬಡಕೊಂಡು ನಗಾಕ ಹತ್ತಿದಳು.

"ನಾ ಎಲ್ಲಿ ಅದನ್ನ ನೋಡೇನ್ರಿ? ಅದ ನನ್ನ ಬೆನ್ನ ನೋಡೇತಿ. ಬೆನ್ನ ಹೆಂಗೈತಂತ ಅದಕ್ಕ ಒಂದೀಟ ಕೇಳ್ಕೊಂಡ ಬರ್ರಿ!"