ಅತ್ತೆಯ ಗೌನೂ ನನ್ನ ಟಿವಿ ಕಾರ್ಡೂ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದಲ್ಲೂ ಇರಲಿಲ್ಲ. ದೋಷ ಎಲ್ಲಿದೆಯೆಂದು ನನ್ನ ಹೆಂಡತಿ ತುಯಿರೆ ಮೂರು ವಾರದಿಂದ ಬೆರಳು ಮಾಡಿ ತೋರಿಸುತ್ತಲೇ ಇದ್ದಳು. ಆ ಬೆರಳು ನೇರವಾಗಿ ನನ್ನ ಕಡೆಗಿರುತ್ತಿದ್ದುದರಿಂದ ನಾನು ಅದನ್ನು ತಾಂತ್ರಿಕ ಅಭಿಪ್ರಾಯವೆಂದು ಪರಿಗಣಿಸಿರಲಿಲ್ಲ.

ಆ ವರ್ಷ ಫಿನ್ಲೆಂಡಿನಲ್ಲಿ ಟಿವಿಯ ಹಳೆಯ ಪ್ರಸಾರ ನಿಂತು ಡಿಜಿಟಲ್ ಪ್ರಸಾರ ಬಂತು. ಹಳೆಯ ಟಿವಿಯ ಮೇಲೊಂದು ಡಬ್ಬಿ ತಂದು ಕೂರಿಸದಿದ್ದರೆ ಪರದೆಯ ತುಂಬ ಬರೀ ಚುಕ್ಕಿ. ನಮ್ಮ ತಾಂಪೆರೆ ಊರಿಗೆ ಊರೇ ಡಬ್ಬಿ ಕೊಳ್ಳಲು ಓಡಿತು. ನಾನು ಓಡಲಿಲ್ಲ. (ನನ್ನ ಹೆಸರು ಇಲ್ಮೊ. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವುದು ನನ್ನ ಕೆಲಸ. ಕಂಪ್ಯೂಟರ್ ನನ್ನ ಹವ್ಯಾಸ. ತುಯಿರೆಯ ಪ್ರಕಾರ ಅದು ಕಾಯಿಲೆ.)

"ಡಬ್ಬಿ ಯಾಕೆ?" ಅಂದೆ. "ಕಂಪ್ಯೂಟರಿಗೆ ಒಂದು ಕಾರ್ಡು ಸಿಕ್ಕಿಸಿದ್ರೆ ಅದೇ ಟಿವಿ ಆಗತ್ತೆ. ಅದೂ ಲಿನಕ್ಸಿನಲ್ಲಿ. ನಮ್ಮ ಮಣ್ಣಲ್ಲೇ ಹುಟ್ಟಿದ್ದು, ತುಯಿರೆ. ಯಾರಪ್ಪನ ಸ್ವತ್ತೂ ಅಲ್ಲ. ಬೇಕಾದೋರು ಒಳಗೆ ಏನಿದೆ ಅಂತ ಬಿಚ್ಚಿ ನೋಡಬಹುದು."

"ಬಿಚ್ಚಿ ನೋಡಬಹುದು, ಸರಿ," ಅಂದಳು. "ಟಿವಿ ನೋಡಬಹುದಾ?"

ಇಂಥ ಅಲ್ಪದೃಷ್ಟಿಯ ಪ್ರಶ್ನೆಗಳಿಗೆ ಮಹಾಪುರುಷರು ಉತ್ತರ ಕೊಡುವುದಿಲ್ಲ. ನಾನು ಹಳೆಯ ಟಿವಿಯನ್ನು ಹೊತ್ತುಕೊಂಡು ಹೋಗಿ ಮರುಬಳಕೆಯ ಕೇಂದ್ರಕ್ಕೆ ದಾನ ಮಾಡಿ ಬಂದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅತ್ತೆಗೂ ಫೋನು ಮಾಡಿ, "ನೀವೂ ಡಬ್ಬಿ ಕೊಳ್ಳಬೇಡಿ. ಆರನೇ ತಾರೀಖು ನಮ್ಮನೆಗೇ ಬನ್ನಿ. ಮುತ್ತಿನಂಥ ಚಿತ್ರ ತೋರಿಸ್ತೀನಿ" ಎಂದುಬಿಟ್ಟೆ.

ನನ್ನ ಅತ್ತೆಯ ಹೆಸರು ಹಿಲ್ಯಾ. ನಮ್ಮಲ್ಲಿ ಹಾಗೆಂದರೆ ಮೌನಿ ಎಂದರ್ಥ. ಹೆಸರಿಟ್ಟವರು ಹುಟ್ಟಿದ ಮಗು ಅಳುವ ಮೊದಲೇ ಅವಸರಪಟ್ಟಿರಬೇಕು. ಅವರು ಸವೊ ಸೀಮೆಯವರು. ಅಲ್ಲಿಯವರನ್ನು ದಾರಿ ಕೇಳಿದರೆ ದಾರಿಯ ಎರಡೂ ಬದಿಯ ಮನೆಗಳ ವಂಶಾವಳಿ ಹೇಳುತ್ತಾರೆ. ಅತ್ತೆ ನಲವತ್ತು ವರ್ಷ ಆ ಊರಿನ ಪರದೆ, ಪ್ಯಾಂಟು, ಮದುವೆಯ ಲಂಗ ಎಲ್ಲ ಹೊಲಿದವರು. ಅವರ ಅಳತೆ ಒಂದು ನೂಲಿನಷ್ಟೂ ತಪ್ಪಿದ್ದನ್ನು ಯಾರೂ ಕಂಡಿಲ್ಲ. (ಇದನ್ನು ನೆನಪಿಟ್ಟುಕೊಳ್ಳಿ.)

ಡಿಸೆಂಬರ್ ಆರು ನಮ್ಮ ಸ್ವಾತಂತ್ರ್ಯ ದಿನ. ಅಂದು ಸಂಜೆ ಅಧ್ಯಕ್ಷರ ಅರಮನೆಯಲ್ಲಿ ಔತಣ. ಕರೆ ಬಂದವರು ಸಾಲಾಗಿ ಬಂದು ಕೈ ಕುಲುಕಿ ಮುಂದೆ ಹೋಗುತ್ತಾರೆ. ಗಂಟೆಗಟ್ಟಲೆ ಇಷ್ಟೇ. ಆದರೂ ದೇಶಕ್ಕೆ ದೇಶವೇ ಕಾಫಿ ಹೀರುತ್ತಾ ಟಿವಿ ಮುಂದೆ ಕೂತು ಯಾರ ಗೌನು ಹೇಗಿದೆ, ಯಾರದು ಮೈಗೆ ಕೂತಿದೆ, ಯಾರದು ಜೋತುಬಿದ್ದಿದೆ ಎಂದು ತೀರ್ಪು ಕೊಡುತ್ತದೆ. ಆ ವರ್ಷ ಅತ್ತೆಯ ಊರಿನ ಸೈಮಿಗೆ ಕರೆ ಬಂದಿತ್ತು. ಸೈಮಿ ಮೂವತ್ತು ಚಳಿಗಾಲ ಶಾಲೆಯ ಬಸ್ಸು ಓಡಿಸಿ ಒಮ್ಮೆಯೂ ಹಳ್ಳಕ್ಕೆ ಇಳಿಸದವಳು. ಅವಳ ಗೌನು ಹೊಲಿದದ್ದು ಅತ್ತೆ.

"ಇಲ್ಮೊ, ನನಗೆ ಒಂದೇ ಚಿಂತೆ," ಎಂದಿದ್ದರು ಫೋನಿನಲ್ಲಿ. "ಅವಳದು ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಭುಜ. ಬಲಗಡೆ ದಪ್ಪ. ತೋಳನ್ನ ಐದು ಸಲ ಬಿಚ್ಚಿ ಹೊಲಿದಿದೀನಿ. ಸುಮ್ಮನೆ ನಿಂತಾಗ ಚೆನ್ನಾಗಿ ಕೂರತ್ತೆ. ಕೈ ಚಾಚಿದಾಗ ಭುಜದ ಹತ್ರ ಸುಕ್ಕು ಬೀಳತ್ತಾ ಅನ್ನೋದನ್ನ ಮಾತ್ರ ಕಣ್ಣಾರೆ ನೋಡಬೇಕು. ಅರಮನೆಗೆ ಹೋಗೋ ಬಟ್ಟೆ ಈ ಜನ್ಮದಲ್ಲಿ ಇದೊಂದೇ ನಾನು ಹೊಲಿದಿರೋದು."

"ನೋಡ್ತೀರಿ," ಅಂದೆ. ಆಗ ಕಾರ್ಡಿನ್ನೂ ಅಂಚೆಯಲ್ಲಿತ್ತು.

ಕಾರ್ಡು ಬಂತು. ಸಿಕ್ಕಿಸಿದೆ. ಗೋಡೆಯ ಟಿವಿ ತೂತಿನಿಂದ ತಂತಿ ಎಳೆದು ಜೋಡಿಸಿದೆ. ಲಿನಕ್ಸು ಕಾರ್ಡನ್ನು ಗುರುತಿಸಲಿಲ್ಲ. ಅದಕ್ಕೆ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಬೇಕು ಎಂದು ತಿಳಿಯಲು ಎರಡು ದಿನ, ಡ್ರೈವರ್ ಹುಡುಕಲು ನಾಲ್ಕು ದಿನ. ಅತ್ತೆ ಫೋನು ಮಾಡಿ ಕೇಳಿದಾಗ, "ಡ್ರೈವರೇ ಕೈಕೊಟ್ಟಿದೆ ಅತ್ತೆ, ಏಳ್ತಾನೇ ಇಲ್ಲ" ಎಂದೆ. ಆ ಕಡೆ ಫೋನು ಕೆಳಗೆ ಬಿದ್ದ ಸದ್ದು. ಹತ್ತು ನಿಮಿಷದಲ್ಲಿ ಅವರು ಹಿಮದಲ್ಲಿ ಓಡಿಹೋಗಿ ಸೈಮಿಯ ಮನೆ ಬಾಗಿಲು ಬಡಿದು, ಅವಳು ಗಟ್ಟಿಮುಟ್ಟಾಗಿ ಕಾಫಿ ಕುಡಿಯುತ್ತಿರುವುದನ್ನು ನೋಡಿ, ಅಲ್ಲಿಂದಲೇ ಫೋನು ಮಾಡಿ ನನ್ನನ್ನು ಬೈದರು.

ಡ್ರೈವರ್ ಎದ್ದು ಕೂತಿತು. ಆಗ ಅದು ಇನ್ನೊಂದು ಫೈಲು ಕೇಳಿತು. ಅದನ್ನು ಕೊಟ್ಟೆ. ಹಾಗಾದರೆ ಲಿನಕ್ಸಿನ ತಿರುಳನ್ನೇ ಹೊಸದಾಗಿ ಕಟ್ಟು ಎಂದಿತು. ಕಟ್ಟಿದೆ. ಮುದ್ರಣಯಂತ್ರದ ಡ್ರೈವರ್ ಸತ್ತಿತು, ಸ್ಪೀಕರಿನದು ಮೂರ್ಛೆ ಹೋಯಿತು, ಆದರೆ ಟಿವಿ ಕಾರ್ಡಿನ ಪುಟ್ಟ ಹಸಿರು ದೀಪ ಹತ್ತಿತು. ಸಂತೋಷದಿಂದ ಚಾನೆಲ್ಲು ಹುಡುಕಲು ಹಚ್ಚಿದೆ. ಯಂತ್ರ ಕಾಲು ಗಂಟೆ ಹುಡುಕಿ ವಿನಯದಿಂದ ವರದಿ ಒಪ್ಪಿಸಿತು: ಸಿಕ್ಕ ಚಾನೆಲ್ಲುಗಳು, ಸೊನ್ನೆ.

"ಪಕ್ಕದ ಮನೆಯವರನ್ನ ಕೇಳು," ಅಂದಳು ತುಯಿರೆ.

ಅವಳಿಗೂ ಗೊತ್ತು, ಅದು ಆಗುವ ಮಾತಲ್ಲ. ನಾವು ಈ ಕಟ್ಟಡದ ಮೂರನೇ ಮಹಡಿಗೆ ಬಂದು ಹನ್ನೊಂದು ವರ್ಷ. ಪಕ್ಕದ ಮನೆಯವರ ಬಾಗಿಲ ಮೇಲೆ ಹಕೊಲಾ ಎಂದು ಬರೆದಿದೆ. ಅದಕ್ಕಿಂತ ಹೆಚ್ಚು ಅವರ ಬಗ್ಗೆ ನನಗೆ ಗೊತ್ತಿರಲಿಲ್ಲ. ನಾನು ಹೊರಡುವ ಮೊದಲು ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು, ಮೆಟ್ಟಿಲ ಬಳಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಚಿಲಕ ತೆಗೆಯುತ್ತೇನೆ. ಹಕೊಲಾ ಅವರೂ ಮರ್ಯಾದಸ್ಥರು, ಹಾಗೇ ಮಾಡುತ್ತಾರೆ. ಕೆಳಗಿನ ನೋಟೀಸು ಹಲಗೆಯ ಮುಂದೆ ಕೂಡ ನಾನು ನಿಲ್ಲುವವನಲ್ಲ. ನಿಂತರೆ ಯಾರಾದರೂ ಬಂದು ಹವಾಮಾನದ ಬಗ್ಗೆ ಮಾತಾಡುವ ಅಪಾಯವಿದೆ.

ಆದ್ದರಿಂದ ನಾನು ಮರ್ಯಾದೆಯಿಂದ ಇಡೀ ಜಗತ್ತನ್ನು ಕೇಳಿದೆ. ಅಂತರ್ಜಾಲದಲ್ಲಿ ಲಿನಕ್ಸಿನವರದೊಂದು ಚಾವಡಿ ಇದೆ. ಅಲ್ಲಿ ಎಲ್ಲರಿಗೂ ಒಂದೊಂದು ಗುಪ್ತನಾಮ. ನನ್ನದು 'ಉಕ್ಕಿನ ಕರಡಿ'. (ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.) "ಮಹನೀಯರೇ," ಎಂದು ಬರೆದೆ, "ಡಿಸೆಂಬರ್ ಆರಕ್ಕೆ ನಮ್ಮ ಮನೆಯಲ್ಲಿ ಭೂಕಂಪವಾಗಲಿದೆ. ಅದು ಸವೊ ಕಡೆಯಿಂದ ರೈಲಿನಲ್ಲಿ ಬರುತ್ತಿದೆ. ವಯಸ್ಸು ಎಪ್ಪತ್ತೊಂದು, ತೀವ್ರತೆ ಎಂಟು. ಅಷ್ಟರೊಳಗೆ ಟಿವಿ ಬಾರದಿದ್ದರೆ ನನ್ನನ್ನು ಅವಶೇಷಗಳಡಿ ಹುಡುಕಿರಿ."

ಬ್ರೆಜಿಲಿನವನೊಬ್ಬ ಮರುಗಿದ. ಪೋಲೆಂಡಿನವನೊಬ್ಬ ತಿರುಳನ್ನು ಮತ್ತೆ ಕಟ್ಟು ಎಂದ. 'ಮುಳ್ಳುಹಂದಿ' ಎಂಬ ಒಬ್ಬ ಪುಣ್ಯಾತ್ಮ ಮಾತ್ರ ದಿನವೂ ಪ್ರಶ್ನೆ ಕೇಳಿ, ಉತ್ತರ ಓದಿ, ತಾಳ್ಮೆಯಿಂದ ಜೊತೆಗೆ ನಿಂತ. ಒಂದು ದಿನ ಅವನು ಕೇಳಿದ: "ನಿಮ್ಮ ಗೋಡೆಯ ತೂತಿಗೆ ಪ್ರಸಾರ ಬರುವುದು ಮಾಡಿನ ಆಂಟೆನಾದಿಂದಲೋ, ಕೇಬಲ್ಲಿನಿಂದಲೋ? ಎರಡಕ್ಕೂ ಬೇರೆ ಬೇರೆ ಕಾರ್ಡು."

ನನಗೆ ಸ್ವಲ್ಪ ಅವಮಾನವೇ ಆಯಿತು. "ಸ್ವಾಮಿ," ಎಂದು ಬರೆದೆ, "ನಮ್ಮ ಮಾಡಿನ ಮೇಲೆ ಆನೆ ಗಾತ್ರದ ಆಂಟೆನಾ ಇದೆ. ದಿನಾ ನನ್ನ ಕಣ್ಣಾರೆ ನೋಡುತ್ತೇನೆ. ದಯವಿಟ್ಟು ಗಂಭೀರವಾದ ಪ್ರಶ್ನೆ ಕೇಳಿ."

ಅವನು ಆಮೇಲೆ ಗಂಭೀರವಾದ ಪ್ರಶ್ನೆಗಳನ್ನೇ ಕೇಳಿದ. ಹೀಗೆ ಡಿಸೆಂಬರ್ ಆರು ಬಂದೇಬಿಟ್ಟಿತು.

ಅತ್ತೆ ಮಧ್ಯಾಹ್ನದ ರೈಲಿಗೆ ಬಂದಿಳಿದರು. ಕೈಯಲ್ಲಿ ಕಲಾಕುಕ್ಕೊ, ಅಂದರೆ ರೈ ಹಿಟ್ಟಿನ ರೊಟ್ಟಿಯೊಳಗೆ ಮೀನು ತುಂಬಿ ಬೇಯಿಸಿದ್ದು, ಸುಮಾರು ಒಂದು ಇಟ್ಟಿಗೆಯಷ್ಟು ತೂಕ. ಬಂದವರೇ ನನ್ನ ಹೊಸ ಪ್ಯಾಂಟು ನೆಲ ಗುಡಿಸುತ್ತಿರುವುದನ್ನು ಕಂಡು, "ಬಿಚ್ಚಿಡು, ನಾಳೆ ಅಂಚು ಮಡಿಸಿ ಹೊಲೀತೀನಿ" ಎಂದರು. ಆರು ಗಂಟೆಗೆ ತುಯಿರೆ ಎಲ್ಲ ಮನೆಗಳಂತೆ ನಮ್ಮ ಕಿಟಕಿಯಲ್ಲೂ ಎರಡು ಮೇಣದ ಬತ್ತಿ ಹಚ್ಚಿದಳು. ನಾನು ಮೇಜಿನ ಕೆಳಗಿದ್ದೆ.

ಏಳು ಗಂಟೆಗೆ ಅತ್ತೆ ಕಪ್ಪು ಉಡುಪು ಹಾಕಿ, ಕನ್ನಡಕ ಒರೆಸಿ, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲಿ?"

"ಒಂದೇ ನಿಮಿಷ ಅತ್ತೆ."

"ಸೊನ್ನೆ ಅಂತ ಬರ್ತಿದೆಯಲ್ಲ, ಅದೇನು?"

"ಅದು... ಆರಂಭ."

"ಮೂರು ವಾರದಿಂದ ಆರಂಭದಲ್ಲೇ ಇದೆ," ಅಂದಳು ತುಯಿರೆ. "ಅಂಗಡಿ ಇವತ್ತು ಮುಚ್ಚಿದೆ, ಇಲ್ದಿದ್ರೆ ನಾನೇ ಡಬ್ಬಿ ತರ್ತಿದ್ದೆ. ನಿನ್ನೇನೇ ತರೋಣ ಅಂದೆ, ಇವನು ಬೇಡ ಅಂದ."

ಅತ್ತೆ ಬೈಯಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹೋಗಲಿ ಬಿಡು," ಎಂದರು ಮೆತ್ತಗೆ. "ಸೈಮಿನೇ ಆಮೇಲೆ ಹೇಳ್ತಾಳೆ. ಆದ್ರೆ ತನ್ನ ಭುಜ ತನಗೆ ಕಾಣಲ್ಲ, ಪಾಪ." ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ನಿಜಕ್ಕೂ ನನಗೆ ಅಳು ಬರುವಂತಾಯಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಬ್ಯಾಂಡಿನ ಸದ್ದು ಸಣ್ಣಗೆ ಕೇಳಿಸಿತು. ಅರಮನೆಯ ಬ್ಯಾಂಡು.

ಅತ್ತೆ ತಟ್ಟನೆ ಎದ್ದರು. ಕಲಾಕುಕ್ಕೊ ಎತ್ತಿಕೊಂಡು ಬಾಗಿಲ ಕಡೆ ನಡೆದರು.

"ಅತ್ತೆ, ಬೇಡ," ಅಂದೆ. "ಹನ್ನೊಂದು ವರ್ಷದಿಂದ ನಾವು ಅವರಿಗೆ ತೊಂದರೆ ಕೊಟ್ಟಿಲ್ಲ."

"ಹಂಗಾದ್ರೆ ಹನ್ನೊಂದು ವರ್ಷದ್ದು ಬಾಕಿ ಇದೆ," ಎಂದು ಹೇಳಿ ಅವರು ಕಿಂಡಿಯಲ್ಲೂ ನೋಡದೆ ಹೊರಗೆ ಹೋಗಿ ಹಕೊಲಾ ಅವರ ಗಂಟೆ ಒತ್ತಿದರು. ಬಾಗಿಲು ತೆರೆಯಿತು. ಉಣ್ಣೆಯ ಕಾಲುಚೀಲ ತೊಟ್ಟ ತೆಳ್ಳಗಿನ ಮನುಷ್ಯ ನಮ್ಮ ಮೂವರನ್ನೂ ಕಂಡು ಬೆಂಕಿ ಬಿದ್ದಿದೆಯೇನೋ ಎಂಬಂತೆ ಮೂಗು ಅರಳಿಸಿದರು. ಅತ್ತೆ ಸೈಮಿ, ಬಸ್ಸು, ಹಸಿರು ಗೌನು, ಬಲಭುಜ, ಐದು ಸಲ ಬಿಚ್ಚಿದ ತೋಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಒಳಗೆ ಕೂತಾಗಿತ್ತು.

ಅವರ ಮನೆಯಲ್ಲೂ ಟಿವಿ ಇರಲಿಲ್ಲ. ಕಂಪ್ಯೂಟರ್ ಇತ್ತು. ಅದರ ಪರದೆಯಲ್ಲಿ ಅರಮನೆ ಮುತ್ತಿನಂತೆ ಹೊಳೆಯುತ್ತಿತ್ತು. ಕೆಳಮೂಲೆಯಲ್ಲಿ ಲಿನಕ್ಸಿನ ಗುರುತು ಇತ್ತು.

"ಹಸಿರು ಬಣ್ಣದ ಗೌನು, ಬಸ್ಸಿನ ಮೇಡಮ್ಮು ಅಂತ ಹೇಳಿದ್ರಲ್ಲ," ಅಂದರು ಹಕೊಲಾ. "ಅವರು ಹೋಗಿ ಆಗ್ಲೇ ಐದು ನಿಮಿಷ ಆಯ್ತು."

ಅತ್ತೆಯ ಮುಖ ಬಾಡಿತು. ಹಕೊಲಾ ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ಅತಿಥಿಗಳೆಲ್ಲ ಹಿಂದುಹಿಂದಕ್ಕೆ ನಡೆಯತೊಡಗಿದರು. ಸೇನಾಪತಿಗಳು, ವಿಜ್ಞಾನಿಗಳು ಕೊಟ್ಟ ಕೈಯನ್ನು ವಾಪಸು ತೆಗೆದುಕೊಂಡು ಹಿಮ್ಮುಖವಾಗಿ ಮನೆಗೆ ಹೊರಟರು. ನಡುವೆ ಸೈಮಿ ಬಂದಳು. ನಿಂತಳು. ಕೈ ಚಾಚಿ, ಬಸ್ಸಿನ ಗೇರು ಹಾಕುವಂತೆ ಗಟ್ಟಿಯಾಗಿ ಕುಲುಕಿದಳು. ಭುಜ ನೀರಿನಂತೆ ಮೇಲೆದ್ದು ನೀರಿನಂತೆ ಇಳಿಯಿತು. ಒಂದು ಸುಕ್ಕಿಲ್ಲ.

ಹಕೊಲಾ ಅದನ್ನು ಹನ್ನೊಂದು ಸಲ ತೋರಿಸಿದರು. ಅತ್ತೆ ಒಂದು ಮಾತೂ ಆಡದೆ ಪರದೆಯ ಮೇಲಿನ ಆ ಭುಜವನ್ನು ಬೆರಳ ತುದಿಯಿಂದ ಮುಟ್ಟಿದರು. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವರ ಹೆಸರು ಅವರಿಗೆ ಒಪ್ಪಿತು. ನನ್ನ ಎದೆಯ ಮೇಲಿದ್ದ ಬಂಡೆ ಇಳಿಯಿತು.

ಇಳಿದ ಖುಷಿಯಲ್ಲಿ ನಾನು ಬಾಯಿ ಬಿಟ್ಟೆ. ನನ್ನ ಕಾರ್ಡಿನ ಕಥೆ, ತಿರುಳು ಕಟ್ಟಿದ ಕಥೆ, ಮಾಡಿನ ಆನೆ ಗಾತ್ರದ ಆಂಟೆನಾ, ಎಲ್ಲ ಹೇಳಿದೆ. ಹಕೊಲಾ ನನ್ನನ್ನೇ ದಿಟ್ಟಿಸಿದರು.

"ಆ ಆಂಟೆನಾ ನಂದು," ಅಂದರು. "ರೇಡಿಯೊದ್ದು. ಅದರಲ್ಲಿ ನ್ಯೂಜಿಲೆಂಡಿನವರ ಜೊತೆ ಮಾತಾಡ್ತೀನಿ. ಈ ಮನೆಗಳಿಗೆ ಹದಿನೈದು ವರ್ಷದಿಂದ ಕೇಬಲ್ಲು. ಕೆಳಗೆ ಹಲಗೆ ಮೇಲೆ ಬರೆದು ಹಾಕಿದಾರೆ." ಸ್ವಲ್ಪ ತಡೆದು, "ಕ್ಷಮಿಸಿ, ನೀವು ಉಕ್ಕಿನ ಕರಡಿನಾ?"

ತುಯಿರೆ ಕಾಫಿ ಬಟ್ಟಲನ್ನು ಕೆಳಗಿಟ್ಟಳು. "ಏನು ಕರಡಿ?"

"ನೀವು ಮುಳ್ಳುಹಂದಿ..." ಎಂದೆ ಕ್ಷೀಣವಾಗಿ. ಹನ್ನೊಂದು ಅಂಗುಲದ ಗೋಡೆಯ ಆ ಕಡೆ ಈ ಕಡೆ ಕೂತು ನಾವು ಮೂರು ವಾರ ಅಂತರ್ಜಾಲದಲ್ಲಿ ಪತ್ರ ಬರೆದುಕೊಂಡಿದ್ದೆವು.

ಹಕೊಲಾ ಸಜ್ಜನರು. ಸುಳ್ಳು ಅವರಿಗೆ ಗೊತ್ತಿಲ್ಲ, ಮುಚ್ಚಿಡುವುದೂ ಗೊತ್ತಿಲ್ಲ. ಅವರು ಗೌರವದಿಂದ ಅತ್ತೆಯ ಕಡೆ ತಿರುಗಿ, "ಹಾಗಾದ್ರೆ ಭೂಕಂಪ ಅಂದ್ರೆ ತಾವೇನಾ?" ಎಂದು ಕೇಳಿದರು.

ಅತ್ತೆ ಕಲಾಕುಕ್ಕೊ ಕೊಯ್ಯುವ ಚಾಕು ಎತ್ತಿಕೊಂಡರು.

"ಎಷ್ಟು ತೀವ್ರತೆ ಅಂತ ಬರೆದಿದ್ದ?" ಅಂದರು ಅತ್ತೆ.

"ಮೊದಲು ಎಂಟು ಅಂದಿದ್ರು. ಆಮೇಲೆ ಏಳೂವರೆ ಅಂತ ತಿದ್ದಿದ್ರು."

"ಅಷ್ಟು ದಯೆ ಇದೆಯಲ್ಲ," ಎಂದು ಅತ್ತೆ ಇನ್ನೊಂದು ಚೂರು ಕಲಾಕುಕ್ಕೊ ಕೊಯ್ದು ಹಕೊಲಾ ಅವರ ತಟ್ಟೆಗೆ ಹಾಕಿದರು. ನನ್ನ ತಟ್ಟೆಗೆ ಹಾಕಲಿಲ್ಲ. ಆಮೇಲೆ ಸೈಮಿಯನ್ನು ಇನ್ನೊಮ್ಮೆ ತೋರಿಸಲು ಹೇಳಿ, ಇಡೀ ಸಂಜೆ ನಗುನಗುತ್ತಲೇ ಇದ್ದರು. ನಾನು ಬಚಾವಾದೆ ಎಂದುಕೊಂಡೆ.

ಮರುದಿನ ತುಯಿರೆ ಡಬ್ಬಿ ತಂದು ನನ್ನ ಕಂಪ್ಯೂಟರಿನ ಪರದೆಗೇ ಜೋಡಿಸಿದಳು; ಎರಡು ನಿಮಿಷ ಹಿಡಿಯಿತು. ಚಾವಡಿಯಲ್ಲಿ ಸಮಸ್ಯೆ ಬಗೆಹರಿದರೆ ಹೇಗೆ ಬಗೆಹರಿಯಿತೆಂದು ಬರೆಯುವುದು ನಿಯಮ. 'ಪಕ್ಕದ ಮನೆಯ ಗಂಟೆ ಒತ್ತಿದೆವು' ಎಂದು ಬರೆದೆ. ಬ್ರೆಜಿಲಿನವನು ಅದು ಯಾವ ಪ್ರೋಗ್ರಾಮು ಎಂದು ಕೇಳಿದ.

ಸಂಜೆ ಅತ್ತೆ ಅಂಚು ಹೊಲಿದ ಪ್ಯಾಂಟನ್ನು ಇಸ್ತ್ರಿ ಮಾಡಿ ಕೈಗಿತ್ತು ರೈಲು ಹತ್ತಿದರು. ಸೋಮವಾರ ಅದನ್ನೇ ತೊಟ್ಟು ಹೊರಟೆ. ಕಿಂಡಿಯಲ್ಲಿ ನೋಡದೆಯೇ ಬಾಗಿಲು ತೆರೆದೆ, ಈಗ ನಾವು ಸ್ನೇಹಿತರಲ್ಲವೇ. ಎದುರಿಗೆ ಬಂದ ಹಕೊಲಾ ನನ್ನ ಕಾಲನ್ನೇ ನೋಡುತ್ತಾ, "ಎಡಗಾಲಿನದು ಎರಡಂಗುಲ ಗಿಡ್ಡ ಇದೆ" ಅಂದರು.

ಒಳಗೆ ಓಡಿಬಂದು ಫೋನು ಮಾಡಿದೆ. ನಲವತ್ತು ವರ್ಷದಲ್ಲಿ ಒಂದು ನೂಲೂ ತಪ್ಪದ ಕೈ ಹೀಗೇಕೆ ಮಾಡಿತೆಂದು ಕೇಳಿದೆ.

"ಏಳೂವರೆ ತೀವ್ರತೆ ಅಂತ ನೀನೇ ಬರೆದಿದ್ದೀಯಲ್ಲಪ್ಪ," ಅಂದರು ಅತ್ತೆ. "ಇಷ್ಟಾದ್ರೂ ಹಾನಿ ಆಗಬೇಡ್ವಾ?"