ನಾಳೆ ಬಾ ಅಂದ ಊರು

ನಾನು ಬಾಗಿಲು ಬಡಿದರೆ ಒಳಗಿರೋರಿಗಾದರೂ ನನಗಾದರೂ ಎದೆ ಝಲ್ ಅನ್ನಲೇಬೇಕು. ನನ್ನ ಹಣೇಬರಹವೇ ಅಂಥದ್ದು.

ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟ್ ಮುಗಿದು ಮನೇಲಿ ಕೂತಿದ್ದೆ. ಸ್ಪೇನ್‌ನಲ್ಲಿ ಹೋಟೆಲ್ ಅಡುಗೆಗಿದ್ದ ಮಾವನ ಮಗ ಫೋನ್ ಮಾಡಿ, "ದ್ರಾಕ್ಷಿ ಕುಯ್ಯೋ ಸೀಸನ್ನು, ಬಾರ್ಲಾ. ತೋಟದೋರೇ ವೀಸಾ ಮಾಡ್ಸ್ತಾರೆ" ಅಂದ. ನಮ್ಮೂರು ಹೊಂಗನೂರಲ್ಲಿ ಊರೋರೆಲ್ಲ ಹಾರ ಹಾಕಿ ಬಸ್ ಹತ್ತಿಸಿದರು. ಅಲ್ಲಿ ಹೋಗಿ ಇಳಿದರೆ, ಕರೆಸಿಕೊಂಡ ತೋಟಕ್ಕೆ ಆಲಿಕಲ್ಲು ಬಿದ್ದು ಒಂದು ಗೊನೆಯೂ ಉಳಿದಿಲ್ಲ! ಬೇರೆ ಕೆಲಸ ಸಿಗದಿದ್ದರೆ ಆ ಹಾರ ಹಾಕಿದೋರ ಮುಂದೆ ಬರಿಗೈಲಿ ಇಳೀಬೇಕು.

ಮಟಮಟ ಮಧ್ಯಾಹ್ನ

ಊಟ ಮಾಡಿ ಕೆಲಸ ಕೇಳೋಕೆ ಹೊರಟೆ. ಊರಿಗೆ ಊರೇ ಬಾಗಿಲು ಹಾಕಿತ್ತು. ಒಂದು ನಾಯಿ ಇಲ್ಲ, ನರಪಿಳ್ಳೆ ಇಲ್ಲ. ನನ್ನ ಹೆಜ್ಜೆ ಸದ್ದು ಮಾತ್ರ ಗೋಡೆಗೆ ಬಡಿದು ಹಿಂದೆಯೇ ಬರೋದು. ಒಂದು ಬಾಗಿಲು ಬಡಿದು, ಕಲಿತಿದ್ದ ಒಂದೇ ಮಾತು ಹೇಳಿದೆ: "ಸೆನ್ಯೋರಾ, ತ್ರಬಾಹೋ?" ಅಮ್ಮಾ, ಕೆಲಸ ಇದೆಯಾ ಅಂತ. ಸಂದಿಯಲ್ಲಿ ಒಂದು ಮುದಿಕಣ್ಣು ಕಂಡಿತು. "ಮನ್ಯಾನ" ಅಂತು. ಇರೋಕೆ ಮನೆ ಬೇಕಾ ಅಂತ ಕೇಳ್ತಾವ್ಳೆ ಪುಣ್ಯಾತ್ಗಿತ್ತಿ ಅಂದ್ಕೊಂಡು ಜೋರಾಗಿ ತಲೆಯಾಡಿಸಿದೆ. ಬಾಗಿಲು ಧಡ್ ಅಂತ ಮುಚ್ಚಿತು.

ಬೀದಿಯುದ್ದಕ್ಕೂ ಬಡಿದ ಬಾಗಿಲಲ್ಲೆಲ್ಲಾ ಅದೇ "ಮನ್ಯಾನ". ಎಲ್ಲಾ ಮನೆಯವರೂ ನನಗೆ ಮನೆ ಕೊಡೋರೇ!

ಅರ್ಥ

ಮಾವನ ಮಗ ನಕ್ಕ. "ಮನ್ಯಾನ ಅಂದ್ರೆ ನಾಳೆ ಕಣ್ಲಾ. ನಾಳೆ ಬಾ ಅಂತವ್ರೆ."

ನನಗೆ ನಗು ಬರಲಿಲ್ಲ. ನಮ್ಮ ಕಡೆ ದೆವ್ವ ಮನೆಯೋರ ದನಿಯಲ್ಲೇ ಬಾಗಿಲಲ್ಲಿ ಕೂಗ್ತದೆ, ಅದಕ್ಕೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯೋದು. ಓದ್ಕೊಂಡು ಅದು ವಾಪಸ್ ಹೋಗ್ತದೆ. ಮೆಲ್ಲಗೆ ಬಗ್ಗಿ ನನ್ನ ಪಾದ ನೋಡ್ಕೊಂಡೆ. ದೆವ್ವದ ಪಾದ ಹಿಂದುಮುಂದು ಇರ್ತದಲ್ಲ.

"ಎಲ್ರೂ ಮಲಗೋ ಹೊತ್ನಲ್ಲಿ ಬಾಗ್ಲು ಬಡುದ್ರೆ ಇನ್ನೇನಂತಾರ್ಲಾ?" ಅಂದ ಅವನು.

ಮಾರನೇ ದಿನ

ನಮ್ಮೂರ ದೆವ್ವ ಮಾಡದ ಕೆಲಸ ನಾನು ಮಾಡಿದೆ. ನಾಳೆ ಅಂದೋಳ ಮನೆಗೆ ನಾಳೆಯೇ ಹೋದೆ. ಮುದುಕಿ ಬಿಳಿಚಿಕೊಂಡು ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡು ಗಂಡನ್ನ ಕೂಗಿದಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕು ಅವರ ತೋಟದ ದ್ರಾಕ್ಷಿ ಕುಯ್ಯೋಕೆ ಬುಟ್ಟಿ ಕೈಗೆ ಕೊಟ್ಟರು. ಮನ್ಯಾನ ಅಂದದ್ದಕ್ಕೆ ನಿಜವಾಗಲೂ ಮಾರನೇ ದಿನ ಬಂದವನನ್ನ ಅವರು ಹುಟ್ಟಿದ ಮೇಲೆ ನೋಡಿರಲಿಲ್ಲವಂತೆ.

ನಮ್ಮನೆ ಬಾಗಿಲು

ಸೀಸನ್ನು ಬೇಗ ಮುಗೀತು. ಹೇಳದೆ ಬಂದು ಅವ್ವನ್ನ ಖುಷಿಪಡಿಸೋಣ ಅಂತ ಆಸೆ. ಹೊಂಗನೂರಲ್ಲಿ ಬಸ್ ಇಳಿದಾಗ ಮಧ್ಯಾಹ್ನ, ಬೀದೀಲಿ ಒಂದು ಕೋಳಿಯೂ ಇಲ್ಲ. ಬಾಗಿಲ ಮೇಲೆ, ಹೋಗೋ ಮುಂಚೆ ನಾನೇ ದಪ್ಪಗೆ ಬರೆದಿದ್ದ 'ನಾಳೆ ಬಾ'.

"ಅವ್ವಾ, ನಾನು ಕಣವ್ವ."

ಒಳಗೆ ಕುಟ್ಟೋ ಸದ್ದು ನಿಂತಿತು. "ಬಾಗ್ಲ ಮ್ಯಾಲೆ ಬರ್ದೈತೆ, ಓದ್ಕೊ."

"ಬರೆದೋನೇ ನಾನು ಕಣವ್ವ!"

"ಬರ್ದೋನು ಸ್ಪೇನಲ್ಲವ್ನೆ. ನೀ ಯಾರು?"

ಹೆತ್ತವಳೇ ಕೇಳಿದ ಮೇಲೆ ಒಂದು ಗಳಿಗೆ ನನಗೂ ಗೊತ್ತಾಗಲಿಲ್ಲ. ದಿಗಿಲಿಗೆ ಬಾಯಿಂದ ಬಂದದ್ದು, "ಸೆನ್ಯೋರಾ, ತ್ರಬಾಹೋ?"

"ಅಯ್ಯಯ್ಯೋ, ಭಾಸೆ ಬದ್ಲಾಯ್ಸ್ಕತ್ತು ಕಣ್ರಪ್ಪೋ!"

ಊರು ಸೇರಿತು. ಹಾರ ಹಾಕಿದ್ದೋರೇ ದೊಣ್ಣೆ ಹಿಡಿದು ಬಂದು, ಶೂ ಬಿಚ್ಚಿಸಿ ಪಾದ ನೋಡಿದರು. ಆಮೇಲೆ ಅವ್ವ ಬಾಗಿಲು ತೆಗೆದು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಕಣ್ಣೊರೆಸಿಕೊಂಡು ನನ್ನ ಕಾಲು ಇನ್ನೊಂದು ಸಲ ನೋಡಿ ಅಂದಳು:

"ಅಷ್ಟು ದಪ್ಪುಕ್ಕೆ ನೀನೇ ಬರ್ದಿದ್ಯಲ್ಲ, ನಾಳೆ ಬಂದಿದ್ರೆ ಏನಾಗ್ತಿತ್ಲಾ ಮಗ?"