ಬೋಂಡಾ ಗುಂಡಿ ತೋಡದ ದಿನ

ಕರಿಬೇವಿನ ಗಿಡದ ಬುಡದಲ್ಲಿ ಹೊಸ ಗುಂಡಿ ಕಂಡಾಗ ಮಧುಕರ್ ಹಲ್ಲುಜ್ಜುತ್ತಿದ್ದ. ಅವನ ನಾಯಿ ಬೋಂಡಾನ ಮುಂಭಾಗವೆಲ್ಲ ಗುಂಡಿಯೊಳಗಿತ್ತು. ಬಾಲ ಮಾತ್ರ ಯಾರೋ ನೆಟ್ಟು ಮರೆತ ಬಾಳೆ ಕಂದಿನಂತೆ ಹೊರಗೆ ನಿಂತಿತ್ತು. ಮಧುಕರ್ "ಏಯ್" ಎಂದು ಗದರಿಸಿದ. ಬಾಯಿ ತುಂಬ ಪೇಸ್ಟ್ ಇದ್ದುದರಿಂದ ಗದರಿಕೆ ಬರೀ ನೊರೆಯಾಗಿ ಹೊರಬಂತು. ಬಾಲ ಖುಷಿಯಿಂದ ಅಲ್ಲಾಡಿತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮನೆ ಓನರ್ ಪಟಾಲಮ್ಮ.

"ಮಧು, ಮಗಳ ಮನೇಲಿ ಇದ್ದು ಸಾಕಾಯ್ತು ಕಣಪ್ಪ. ಸಂಜೆ ಬಂದ್ಬಿಡ್ತೀನಿ. ಹಿತ್ತಲು ಹೆಂಗಿದೆ?"

"ಚೆನ್ನಾಗಿದೆ ಆಂಟಿ."

"ಗುಂಡಿ?"

"ಗುಂಡಿ... ಇಲ್ಲ ಅನ್ನೋ ಹಂಗೇ ಇದೆ."

"ಹೋಗೋವಾಗ್ಲೇ ಹೇಳಿದೀನಿ, ಮರೀಬೇಡ. ನಾನು ಬಂದಾಗ ಆ ನಾಯಿ ಮಣ್ಣು ಕೆರೀತಿದ್ರೆ ಅದೂ ಖಾಲಿ, ನೀನೂ ಖಾಲಿ."

ಕಮ್ಮನಹಳ್ಳಿಯ ಈ ಬೀದಿಯೆಲ್ಲ ಒಂದು ಕಾಲಕ್ಕೆ ಪಟಾಲಮ್ಮನವರ ಮಾವನ ರಾಗಿ ಹೊಲ. ಈಗ ಉಳಿದಿದ್ದು ಮೂರು ಅಂತಸ್ತಿನ ಈ ಮನೆ, ಅದರ ಹಿಂದೆ ಎರಡು ಮಂಚ ಹಾಕುವಷ್ಟು ಮಣ್ಣು. ಕೆಳಗೆ ಮಧುಕರ್, ನಡುವೆ ಪಟಾಲಮ್ಮ, ಮೇಲೆ ಇನ್ನೊಬ್ಬಳು ಬಾಡಿಗೆಯವಳು ಪದ್ಮಶ್ರೀ. ಶಿವಾಜಿನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಧುಕರ್ ಈ ಮನೆ ಹುಡುಕಲು ಅರ್ಧ ಬೆಂಗಳೂರು ಸುತ್ತಿದ್ದ. ಮದುವೆಯಾಗಿಲ್ಲ ಎಂದರೆ ಓನರುಗಳು ಬಾಗಿಲನ್ನು ಅರ್ಧ ಮುಚ್ಚುತ್ತಿದ್ದರು. ನಾಯಿ ಇದೆ ಎಂದರೆ ಉಳಿದರ್ಧ. ಎರಡನ್ನೂ ಕೇಳಿ ಬಾಗಿಲು ತೆರೆದೇ ಇಟ್ಟವರು ಪಟಾಲಮ್ಮ ಒಬ್ಬರೇ.

ಅವನು ಅಂಗಡಿಗೆ ರಜೆ ಹೇಳಿ ಗುಂಡಿಗಳನ್ನು ಮುಚ್ಚಿದ. ಮುಚ್ಚುವುದು ಸುಲಭ. ಆದರೆ ಅವನು ಒಂದು ತುದಿಯಿಂದ ಮುಚ್ಚಿಕೊಂಡು ಹೋದಂತೆ ಬೋಂಡಾ ಇನ್ನೊಂದು ತುದಿಯಿಂದ ತೋಡಿಕೊಂಡು ಬರುತ್ತಿತ್ತು. ದೂರದಿಂದ ನೋಡಿದವರಿಗೆ ಇಬ್ಬರೂ ಒಂದೇ ಕಂಟ್ರಾಕ್ಟಿನಲ್ಲಿ ಕೆಲಸ ಮಾಡುವವರಂತೆ ಕಾಣುತ್ತಿದ್ದರು.

ಪಕ್ಕದ ಕಾಂಪೌಂಡಿನ ಮೇಲೆ ಮುನಿರಾಜಪ್ಪನವರ ತಲೆ ಮೂಡಿತು. ರಿಟೈರ್ ಆದ ಮೇಲೆ ಆ ತಲೆ ದಿನದ ಬಹುಪಾಲು ಅಲ್ಲೇ ಇರುತ್ತಿತ್ತು.

"ಕುಂಕುಮದ ನೀರು ಬಾಟ್ಲಿಗೆ ತುಂಬ್ಸಿ ನಾಲ್ಕು ಮೂಲೆಗೂ ಇಡು. ಕೆಂಪು ಕಂಡ್ರೆ ನಾಯಿ ಹತ್ರ ಬರಲ್ಲ."

"ಅದು ಗೇಟಿನ ಹತ್ರ ಉಚ್ಚೆ ಹುಯ್ಯಬಾರ್ದು ಅಂತ ಇಡೋದಲ್ವಾ ಸಾರ್?"

"ಉಚ್ಚೆ ಹುಯ್ಯೋಕೇ ಹೆದರೋ ನಾಯಿ ಗುಂಡಿ ತೋಡುತ್ತೇನಯ್ಯಾ?"

ನಾಲ್ಕು ಮೂಲೆಗೆ ನಾಲ್ಕು ಕೆಂಪು ಬಾಟಲಿ ಬಂದವು. ಬೋಂಡಾ ಒಂದನ್ನು ಮೂಸಿತು, ಅದರ ನೆರಳಿನಲ್ಲಿ ಮಲಗಿತು, ಎದ್ದು ಅದರ ಪಕ್ಕದಲ್ಲೇ ತೋಡಿತು.

ಎದುರು ಮನೆಯ ಸಾಬಿರಾ ಒಂದು ಡಬ್ಬಿ ಹಿಡಿದು ಬಂದಳು. "ಅರೆ ಭಾಯ್, ಬಾಟ್ಲಿಯಿಂದ ಏನಾಗುತ್ತೆ? ಖಾರದ ಪುಡಿ ಹಾಕಿ. ನಮ್ಮಮ್ಮ ಬೆಕ್ಕಿಗೆ ಹಿಂಗೇ ಮಾಡ್ತಿದ್ರು."

ಮಧುಕರ್ ಪುಡಿ ಎರಚಿದ. ಅದೇ ಗಳಿಗೆಗೆ ಕಾದಿದ್ದ ಗಾಳಿ ಅದನ್ನು ಹಾಗೇ ಅವನ ಮುಖಕ್ಕೆ ವಾಪಸ್ ಕೊಟ್ಟಿತು. ಅವನು ಸೀನುತ್ತ, ಅಳುತ್ತ, ನಲ್ಲಿ ಯಾವ ಕಡೆ ಎಂದು ಗೋಡೆ ತಡಕುತ್ತಿದ್ದರೆ ಬೋಂಡಾ ಇದು ಹೊಸ ಆಟವೆಂದುಕೊಂಡು ಅವನ ಸುತ್ತ ಕುಣಿಯಿತು.

"ಅಂಕಲ್!" ಮೇಲಿನಿಂದ ಪದ್ಮಶ್ರೀ ಕೂಗಿದಳು. ಅವಳಿಗಿಂತ ನಾಲ್ಕೇ ವರ್ಷ ದೊಡ್ಡವನಾದ ಮಧುಕರ್‌ಗೆ ಖಾರಕ್ಕಿಂತ ಇದೇ ಹೆಚ್ಚು ಉರಿಯಿತು. "ನೆಟ್ಟಲ್ಲಿ ನೋಡ್ದೆ. ನಿಂಬೆಹಣ್ಣು ಕಟ್ ಮಾಡಿ ಗುಂಡಿ ಮೇಲೆ ಇಡ್ಬೇಕಂತೆ. ಸಿಟ್ರಸ್ ಸ್ಮೆಲ್ ಡಾಗ್ಸ್‌ಗೆ ಆಗಲ್ವಂತೆ."

ನಿಂಬೆಹಣ್ಣು ಬಂದವು. ಬೋಂಡಾ ಒಂದು ಹೋಳನ್ನು ಬಾಯಲ್ಲಿ ಕಚ್ಚಿ ತಂದು ಮಧುಕರನ ಕಾಲಬಳಿ ಇಟ್ಟು, ಎಸೆ ಎಂಬಂತೆ ಕೂತಿತು.

ಮಧ್ಯಾಹ್ನ ಕಳೆಯಿತು. ಪಟಾಲಮ್ಮ ಮತ್ತೆ ಫೋನ್ ಮಾಡಿ, "ಟಿನ್ ಫ್ಯಾಕ್ಟರಿ ಸಿಗ್ನಲ್ಲಲ್ಲಿ ಸಿಕ್ಕಾಕ್ಕೊಂಡಿದೀನಿ. ಬಸ್ಸು ಅಲ್ಲಾಡ್ತಾ ಇಲ್ಲ" ಎಂದರು. ಜೀವಮಾನದಲ್ಲಿ ಮೊದಲ ಸಲ ಮಧುಕರ್ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿಗೆ ಕೈ ಮುಗಿದ.

"ಒಂದ್ ನಿಮಿಷ" ಎಂದಳು ಸಾಬಿರಾ, ಗಲ್ಲದ ಮೇಲೆ ಬೆರಳಿಟ್ಟು. "ನಿಮ್ ನಾಯಿ ಯಾರಿಗೆ ಹೆದರುತ್ತೆ?"

"ಯಾರಿಗೂ ಇಲ್ಲ. ಪಟಾಲಮ್ಮ ಆಂಟಿಗೆ ಬಿಟ್ರೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿದ್ದ ನಾಲ್ಕನೆಯವಳು ಆಗಲೇ ಒಳಗೆ ಓಡಿದ್ದಳು. ಪಟಾಲಮ್ಮ ಮಗಳ ಮನೆಗೆ ಹೋಗುವಾಗ ಟೆರೇಸಿನ ಮೇಲೆ ಒಣಹಾಕಿ ಮರೆತಿದ್ದ ಹಸಿರು ಸೀರೆ ಪದ್ಮಶ್ರೀಯ ಬಳಿ ಇತ್ತು.

"ಇದೇ ಜಾಗದಲ್ಲಿ ರಾಗಿ ಕಾಯೋಕೆ ನಾನು ಎಷ್ಟು ಬೆದರುಗೊಂಬೆ ನಿಲ್ಸಿದೀನಿ ಗೊತ್ತಾ?" ಎಂದು ಮುನಿರಾಜಪ್ಪ ಆ ವಯಸ್ಸಿನಲ್ಲೂ ಕಾಂಪೌಂಡ್ ಹಾರಿ ಬಂದರು. ಎರಡು ಕೋಲು ಅಡ್ಡಡ್ಡ ಕಟ್ಟಿದರು. ಮೇಲೆ ಮಡಕೆ ಬೋರಲು ಹಾಕಿದರು. ಸಾಬಿರಾ ಸೀರೆ ಉಡಿಸಿದಳು. ಕೋಲಿಗೆ ಸೀರೆ ನಿಲ್ಲದ್ದರಿಂದ ಹೆಗಲಿಗೊಂದು, ಸೊಂಟಕ್ಕೊಂದು, ನೆರಿಗೆ ಹಾರದಂತೆ ಮಂಡಿಯ ಹತ್ತಿರ ಎರಡು ಪಿನ್ನು ಚುಚ್ಚಿದಳು. ಪದ್ಮಶ್ರೀ ಮಡಕೆಗೆ ದೊಡ್ಡ ಕುಂಕುಮವಿಟ್ಟಳು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಪಟಾಲಮ್ಮನೇ. ಬೈಯುವುದೊಂದು ಬಾಕಿ.

ಬೋಂಡಾ ಮನೆಯೊಳಗಿಂದ ಬಂತು. ನಿಂತಿತು. ಕಿವಿ ಮಡಚಿತು. ಬಾಲವನ್ನು ಹೊಟ್ಟೆಯಡಿ ಸೇರಿಸಿಕೊಂಡು ಮೆಟ್ಟಿಲಿನ ಸಿಮೆಂಟಿನ ಮೇಲೆ ಪೂಜೆಗೆ ಕೂತ ಹುಡುಗನಂತೆ ಕೂತುಬಿಟ್ಟಿತು. ಒಂದು ಗಂಟೆಯಾದರೂ ಮಣ್ಣಿಗೆ ಕಾಲಿಡಲಿಲ್ಲ.

ಮಧುಕರ್‌ಗೆ ಕಣ್ಣು ತುಂಬಿ ಬಂತು. ಈ ಸಲ ಖಾರದಿಂದಲ್ಲ.

ಗೇಟು ಕಿರ್ರೆಂದಿತು. ಚೀಲ ಹಿಡಿದು ಸೀದಾ ಹಿತ್ತಲಿಗೇ ಬಂದ ಪಟಾಲಮ್ಮ ಗೋಡೆಯ ತಿರುವಿನಲ್ಲಿ ನಿಂತುಬಿಟ್ಟರು. ಹೊಸದಾಗಿ ಮುಚ್ಚಿದ ಗುಂಡಿಗಳು. ಒಂದೊಂದರ ಮೇಲೂ ಕೊಯ್ದ ನಿಂಬೆಹಣ್ಣು. ಸುತ್ತ ಖಾರದ ಪುಡಿ. ನಾಲ್ಕು ಮೂಲೆಗೆ ಕೆಂಪು ನೀರು. ನಟ್ಟನಡುವೆ, ತಮ್ಮದೇ ಸೀರೆಯುಟ್ಟು, ಕುಂಕುಮವಿಟ್ಟುಕೊಂಡು ತಾವೇ.

ಚೀಲ ಕೈಯಿಂದ ಜಾರಿತು.

"ಮಂಡಿಗೆ ಚುಚ್ಚಿದೀಯಾ?" ಅವರ ದನಿ ಸಣ್ಣಗಿತ್ತು. "ಈಗ ಬಸ್ಸಲ್ಲಿ ನನ್ ಮಂಡಿ ಹಿಡ್ಕೊಂಡಿದ್ದು ಇದಕ್ಕೇನಾ?"

"ಆಂಟಿ, ಇದು ಮಾಟ ಅಲ್ಲ! ಇದು ನಾಯಿಗೆ!"

"ನಾಯಿಗೆ ನನ್ ಸೀರೆ ಯಾಕೋ?"

ಮಧುಕರ್ ಸಾಕ್ಷಿಗಾಗಿ ತಿರುಗಿದ. ಮುನಿರಾಜಪ್ಪನವರ ತಲೆ ಕಾಂಪೌಂಡಿನಾಚೆ ಮುಳುಗುತ್ತಿತ್ತು. ಸಾಬಿರಾಗೆ ಒಲೆಯ ಮೇಲಿಟ್ಟ ಹಾಲು ನೆನಪಾಗಿತ್ತು. ಮೇಲಿನ ಕಿಟಕಿ ಮುಚ್ಚಿಕೊಂಡಿತು.

ಪಟಾಲಮ್ಮ ಮೆಟ್ಟಿಲಿನ ಮೇಲೆ ಕೂತಿದ್ದ ಬೋಂಡಾನನ್ನು ನೋಡಿದರು. ಅವರ ಮುಖ ಮೆಲ್ಲನೆ ಕರಗಿತು.

"ಅಯ್ಯೋ ಕಂದಾ. ನೀನು ಇಷ್ಟು ದಿನ ತೋಡ್ತಿದ್ದಿದ್ದು ಇದನ್ನೇ ಅಲ್ವಾ? ಇವನು ಹೂತಿಟ್ಟಿರೋದನ್ನ ನನಗೆ ತೋರ್ಸೋಕೆ! ಮೂಕಪ್ರಾಣಿ, ನನ್ನ ಉಳಿಸೋಕೆ ಒದ್ದಾಡಿದ್ರೆ ನಾನು ಬೈದ್ನಲ್ಲಪ್ಪಾ."

ಅವರು ಮಧುಕರನತ್ತ ತಿರುಗಿದರು. "ನಾಯಿ ಇಲ್ಲೇ ಇರ್ಲಿ, ನಾನು ಸಾಕ್ತೀನಿ. ನೀನು ಖಾಲಿ ಮಾಡು."

"ಆಂಟಿ, ದೇವರಾಣೆ ಏನೂ ಹೂತಿಲ್ಲ!"

"ಹಂಗಾದ್ರೆ ಅದನ್ನ ಬಿಡು. ತೋಡ್ಲಿ. ಪೂರ್ತಿ ತೋಡಿ ಏನೂ ಸಿಗ್ಲಿಲ್ಲ ಅಂದ್ರೆ ನೀನೂ ಇರು."

ಮಧುಕರ್ ಹಗುರಾದ. ಇಷ್ಟೇ ತಾನೆ! ಬೋಂಡಾನ ಕುತ್ತಿಗೆ ಸವರಿ, "ಹೋಗೋ ರಾಜಾ, ತೋಡು" ಎಂದ.

ಬೋಂಡಾ ಮಣ್ಣಿನ ಮೇಲಿದ್ದ ಪಟಾಲಮ್ಮನನ್ನು ನೋಡಿತು. ಪಕ್ಕದಲ್ಲಿದ್ದ ಪಟಾಲಮ್ಮನನ್ನು ನೋಡಿತು. ಒಬ್ಬರಿಗೇ ಹೆದರುತ್ತಿದ್ದ ಪ್ರಾಣಿ ಇಬ್ಬರನ್ನು ಕಂಡು ಇನ್ನಷ್ಟು ಶಿಸ್ತಾಗಿ ಕೂತಿತು.

"ತೋಡೋ, ಬೋಂಡಾ! ಬಿಸ್ಕತ್ ಕೊಡ್ತೀನಿ! ಹಿಂಗೆ ಕಣೋ!" ಮಧುಕರ್ ಮಂಡಿಯೂರಿ ಎರಡು ಕೈಯಿಂದಲೂ ಮಣ್ಣು ಕೆರೆಯತೊಡಗಿದ. ಮಣ್ಣು ಅವನ ಕಾಲುಗಳ ನಡುವಿನಿಂದ ಹಿಂದಕ್ಕೆ ಹಾರಿತು. ಬೆವರು ಇಳಿಯಿತು. ಪಟಾಲಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬೊಂಬೆಯ ಪಕ್ಕ ಕೂತರು. ಇಬ್ಬರು ಪಟಾಲಮ್ಮಂದಿರ ಮುಂದೆ ಗುಂಡಿ ಮೊಣಕೈ ಆಳಕ್ಕೆ ಇಳಿಯಿತು.

ಕೊನೆಗೂ ಬೋಂಡಾ ಎದ್ದಿತು. ಮೆಟ್ಟಿಲಿಳಿದು ಮೆಲ್ಲನೆ ಗುಂಡಿಯ ಬಳಿ ಬಂತು. ಮಧುಕರ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಬೋಂಡಾ ಗುಂಡಿಯೊಳಗೆ ಇಣುಕಿತು. ಗಾಬರಿಯಿಂದ ಪಟಾಲಮ್ಮನ ಕಡೆ ನೋಡಿತು. ಆಮೇಲೆ ಮೂಗಿನಿಂದ ಮಣ್ಣನ್ನು ತಳ್ಳಿ ತಳ್ಳಿ, ಯಜಮಾನ ತೋಡಿದ್ದ ಗುಂಡಿಯನ್ನು ಅವಸರವಸರವಾಗಿ ಮುಚ್ಚತೊಡಗಿತು.

ಪಟಾಲಮ್ಮ ಕುರ್ಚಿಯಿಂದ ಎದ್ದರು.

"ಪಾಪಿ," ಎಂದರು, "ನಾಯಿಗೂ ಮಾಟ ಮಾಡ್ಬಿಟ್ಟಿದೀಯಲ್ಲೋ! ಇಬ್ರೂ ಖಾಲಿ ಮಾಡಿ."